ಮಧ್ಯಾಹ್ನದ ಟ್ರಿಪ್ಪಿಗೊಂದು ವಾಚು

ರಿಟೈರಾದ ಮೇಲೂ ಮಧ್ಯಾಹ್ನದ ಒಂದು ಟ್ರಿಪ್ಪು ಮಾತ್ರ ನನಗೆ ತಪ್ಪಿಲ್ಲ. ಮುದ್ದೆ ಉಂಡು, ಬಾಯಿ ಮುಕ್ಕಳಿಸಿ, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಗೆ ಹೋಗುತ್ತೇನೆ. ಅಲ್ಲಿ ನನ್ನ ಸ್ನೇಹಿತ ಹುಸೇನ್ ಸಾಬರ ಹಾಸಿಗೆ ಅಂಗಡಿ ಇದೆ. ಅಂಗಡಿಯ ಹಿಂಭಾಗದಲ್ಲಿ ಹತ್ತಿ ತುಂಬುವ ಕೋಣೆ. ಗೋಡೆಗೆ ಒರಗಿಸಿಟ್ಟ ಹೊಸ ಹಾಸಿಗೆಗಳಲ್ಲಿ ಒಂದನ್ನು ಕೆಡವಿಕೊಂಡು ಮಲಗಿಬಿಡುತ್ತೇನೆ. ಬೂರುಗದ ಹತ್ತಿಯ ಎಳೆಗಳು ಕಿಟಕಿಯ ಬಿಸಿಲಿನಲ್ಲಿ ಮೇಲೂ ಹೋಗದೆ ಕೆಳಗೂ ಬೀಳದೆ ತೇಲಾಡುತ್ತಿರುತ್ತವೆ. ಅವನ್ನೇ ನೋಡುತ್ತಾ ಇದ್ದರೆ ಸ್ವಲ್ಪ ಹೊತ್ತಿಗೆ ನನ್ನ ಎಡಗಾಲು ಕ್ಲಚ್ಚಿನ ಮೇಲಿರುತ್ತದೆ. ಬಸ್ಸು ಹೊರಟಿರುತ್ತದೆ.

ಮನೆಯಲ್ಲೇ ಮಲಗಬಾರದೇ ಎಂದು ಕೇಳುವವರು ಒಂದು ದಿನ ನಮ್ಮ ಮನೆಗೆ ಬಂದು ನೋಡಬೇಕು. ನಾನಿರುವುದು ಮಗಳು ರೂಪಶ್ರೀಯ ಮನೆಯಲ್ಲಿ. ಅಳಿಯ ಕಿರಣ್‌ಕುಮಾರ್ ಹೊಗೆಸೊಪ್ಪು ಬೆಳೆಯುವವನು. ಸೊಪ್ಪು ಮುರಿಯುವ ಕಾಲದಲ್ಲಿ ಅಂಗಳದ ತುಂಬಾ ಹೆಂಗಸರು ಕೂತು, ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ತಾಲ್ಲೂಕಿನ ಸಮಾಚಾರವನ್ನೆಲ್ಲಾ ಬಿಚ್ಚುತ್ತಾರೆ. ಅವರ ನಡುವೆ ಸತ್ತವನಿಗೂ ನಿದ್ದೆ ಬರುವುದಿಲ್ಲ. ಸಾಬರ ಅಂಗಡಿಯಲ್ಲಾದರೆ ಗೋಡೆಯೇ ಹತ್ತಿ. ಹೊರಗೆ ಲಾರಿ ಹಾರ್ನ್ ಹೊಡೆದರೂ ಎಲ್ಲೋ ದೂರದ ಊರಲ್ಲಿ ಹೊಡೆದಂತೆ ಕೇಳುತ್ತದೆ.

ಕನಸಿನಲ್ಲಿ ಹೊರಡುವುದು ನಾನು ವರ್ಷಾನುಗಟ್ಟಲೆ ಓಡಿಸಿದ ಹುಣಸೂರು–ಭೇರ್ಯ ಬಸ್ಸೇ. ಆದರೆ ಅಲ್ಲಿಯ ರಸ್ತೆ ಯಾರ ಮಾತೂ ಕೇಳುವುದಿಲ್ಲ. ಹುಣಸೂರು ಬಿಟ್ಟು ಕೆ.ಆರ್. ನಗರದ ಕಡೆ ತಿರುಗಿಸಿದರೆ ಎಚ್.ಡಿ. ಕೋಟೆ ಬರುತ್ತದೆ. ಕೋಟೆಯಲ್ಲಿ ಬಲಕ್ಕೆ ತಿರುಗಿದರೆ ಎದುರಿಗೆ ಕಾವೇರಿ ಸೇತುವೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳು ಭತ್ತದ ಗದ್ದೆಯ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿರುತ್ತವೆ. ಕಂಡಕ್ಟರ್ ಇರುವುದಿಲ್ಲ, ಅವನ ಸೀಟಿ ಮಾತ್ರ ಇರುತ್ತದೆ. ನಾನೂ ಏನೂ ಕೇಳಲು ಹೋಗುವುದಿಲ್ಲ. ಯಾಕೆಂದರೆ ಎಲ್ಲಿ ತಿರುಗಿದರೂ ಕೊನೆಗೆ ಭೇರ್ಯದ ಸ್ಟಾಪು ಬಂದೇ ಬರುತ್ತದೆ. ಅಲ್ಲಿ ನನ್ನ ಹೆಂಡತಿ ಸುನಂದಮ್ಮ ಬಸ್ಸಿಗೆ ಕಾಯುತ್ತಾ ನಿಂತಿರುತ್ತಾಳೆ.

ಸುನಂದಮ್ಮ ತೀರಿಕೊಂಡು ಮೂರು ವರ್ಷವಾಯಿತು. ಭೇರ್ಯ ಅವಳ ತವರು. ಬದುಕಿದ್ದಾಗ ನಾನು ಅವಳನ್ನು ಮೊದಲು ಕಂಡದ್ದೂ ಅದೇ ಸ್ಟಾಪಿನಲ್ಲಿ. ಕನಸಿನಲ್ಲಿ ಒಂದು ದಿನ ಎರಡು ಜಡೆಯ ಹುಡುಗಿಯಾಗಿ ನಿಂತಿದ್ದರೆ ಇನ್ನೊಂದು ದಿನ ಕನ್ನಡಕ ಹಾಕಿಕೊಂಡು, ಮಂಡಿ ಹಿಡಿದುಕೊಂಡು, ಬಸ್ಸು ತಡವಾಯಿತು ಎಂದು ಮುಖ ಗಂಟು ಹಾಕಿರುತ್ತಾಳೆ. ಎರಡೂ ನನಗೆ ಒಪ್ಪಿಗೆಯೇ. ಬಾಗಿಲಲ್ಲಿ ಯಾರಾದರೂ ಕಾಲಿಟ್ಟರೆ ಬಸ್ಸು ಆ ಕಡೆಗೆ ಒಂದಿಷ್ಟು ವಾಲುತ್ತದಲ್ಲ, ಅದು ಡ್ರೈವರಿಗೆ ಸೀಟಿನಲ್ಲೇ ಗೊತ್ತಾಗುತ್ತದೆ. ಅವಳು ಕಾಲಿಟ್ಟಾಗಲೂ ಬಸ್ಸು ವಾಲುತ್ತದೆ. ನನ್ನ ಎದೆ ಹೊಡೆದುಕೊಳ್ಳುತ್ತದೆ.

ಅವಳು ಬಂದು ನನ್ನ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ನಾನು ತಿರುಗಿ ನೋಡುವಂತಿಲ್ಲ, ಸ್ಟೀರಿಂಗ್ ಕೈಯಲ್ಲಿದೆ. ಕನ್ನಡಿಯಲ್ಲಿ ಅರ್ಧ ಮುಖ ಕಾಣುತ್ತದೆ. ಹುಣಸೆಹಣ್ಣು ಮುಗಿಯಿತೆಂದೋ, ಕರಿ ಹಸು ಗಬ್ಬವಾಗಿದೆಯೆಂದೋ ಏನಾದರೂ ಹೇಳುತ್ತಾಳೆ. ಅವಳು ಎಲ್ಲಿ ಇಳಿಯುತ್ತಾಳೆ ಎಂಬುದು ನನಗೆ ಗೊತ್ತಿಲ್ಲ. ಅಷ್ಟರೊಳಗೆ ಸಾಬರು ಚಹಾ ತರಿಸಿ ಎಬ್ಬಿಸುತ್ತಾರೆ. ಗೊತ್ತಾಗದಿದ್ದರೂ ಬೇಸರವಿರಲಿಲ್ಲ. ಅಷ್ಟು ದೂರ ಅವಳ ಜೊತೆ ಹೋಗಿಬಂದರೆ ನನಗೆ ಆ ದಿನಕ್ಕೆ ಸಾಕಾಗುತ್ತಿತ್ತು.

ಹಾಳಾದ್ದು ವಾಚು ಬಂದದ್ದು ಆಗಲೇ.

ಒಂದು ದಿನ ಬ್ಯಾರನ್ನಿನ ಬಾಗಿಲಲ್ಲಿ ನಿಂತಿದ್ದಾಗ ಬಿಸಿಗೆ ತಲೆ ಸುತ್ತಿ ಹಾಗೇ ಕೂತುಬಿಟ್ಟೆ. ಅಷ್ಟಕ್ಕೇ ರೂಪ ಆಕಾಶ ಭೂಮಿ ಒಂದು ಮಾಡಿದಳು. ಅವಳು ಊರಿನ ಆಸ್ಪತ್ರೆಯಲ್ಲಿ ನರ್ಸು. ಇರುವ ಪರೀಕ್ಷೆಯನ್ನೆಲ್ಲಾ ಮಾಡಿಸಿ, ಏನೂ ಇಲ್ಲವೆಂದು ಡಾಕ್ಟರು ಹೇಳಿದರೂ ನಂಬದೆ, ಮೈಸೂರಿಗೆ ಹೋಗಿ ಒಂದು ಸ್ಮಾರ್ಟ್‌ವಾಚು ತಂದು ನನ್ನ ಕೈಗೆ ಕಟ್ಟಿದಳು. ಬೆಲೆ ಹೇಳಬೇಡ ಎಂದೆ, ಹೇಳಿಯೇಬಿಟ್ಟಳು. ಆ ದುಡ್ಡಿಗೆ ಕರು ಸಮೇತ ಒಂದು ಒಳ್ಳೆಯ ಹಸು ಬರುತ್ತಿತ್ತು. ಅದಾದರೆ ಹಾಲಾದರೂ ಕೊಡುತ್ತಿತ್ತು.

ವಾಚು ಎಂದರೆ ನನ್ನ ಪ್ರಕಾರ ನಾವು ಅದನ್ನು ನೋಡಬೇಕು. ಇದು ನನ್ನನ್ನು ನೋಡುತ್ತಿತ್ತು. ಎಷ್ಟು ಹೆಜ್ಜೆ ನಡೆದೆ ಎಂದು ಲೆಕ್ಕ ಹಿಡಿಯುತ್ತಿತ್ತು. ಜಗಲಿಯ ಮೇಲೆ ಕೂತು ಒಂದು ಎಲೆ-ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಎದ್ದು ನಿಲ್ಲು ಎನ್ನುತ್ತಿತ್ತು. ಒಂದು ಸಲ, ಸುಳ್ಳಲ್ಲ, ಉಸಿರಾಡು ಎಂದು ಹೇಳಿತು. ಇಷ್ಟು ವರ್ಷ ಯಾರ ಅಪ್ಪಣೆ ಕೇಳಿ ಉಸಿರಾಡಿದ್ದೆನೋ! ಅದೆಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ. ಆದರೆ ಅದು ನನ್ನ ಟ್ರಿಪ್ಪಿಗೆ ಕೈ ಹಾಕಿತು.

ಮಲಗಿದವನ ಎದೆಬಡಿತ ಇದ್ದಕ್ಕಿದ್ದಂತೆ ಏರಿದರೆ ಅದು ಕೈಯ ಮೇಲೆ ಗುರ್ ಎಂದು ಅದುರಬೇಕಂತೆ, ರೂಪಳ ಫೋನಿಗೂ ಸುದ್ದಿ ಕಳಿಸಬೇಕಂತೆ. ಹಾಗೆ ಮಾಡಿಟ್ಟಿದ್ದಳು. ಭೇರ್ಯದ ಸ್ಟಾಪಿನಲ್ಲಿ ಬಸ್ಸು ನಿಲ್ಲುತ್ತಿತ್ತು. ಸುನಂದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ಕಂಬಿ ಹಿಡಿಯುತ್ತಿದ್ದಳು. ಮೆಟ್ಟಿಲ ಮೇಲೆ ಒಂದು ಕಾಲಿಡುತ್ತಿದ್ದಳು. ಬಸ್ಸು ವಾಲುತ್ತಿತ್ತು, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಗುರ್! ಕಣ್ಣು ಬಿಟ್ಟರೆ ಸಾಬರ ಅಂಗಡಿಯ ಸೂರು. ಫೋನಿನಲ್ಲಿ ರೂಪ: "ಅಪ್ಪ, ಏನಾಯ್ತು? ಎದೆ ನೋಯ್ತಾ ಇದ್ಯಾ?"

ಒಂದು ದಿನವಲ್ಲ, ದಿನಾಲೂ ಅದೇ. ಅವಳ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ಭೇರ್ಯದ ಮಣ್ಣಿನ ಮೇಲೆ. ಹಾಗೇ ಬಿಟ್ಟು ಬರುತ್ತಿದ್ದೆ. ಅರ್ಧ ಹತ್ತಿದವಳನ್ನು ಬಿಟ್ಟು ಬಸ್ಸು ಎಳೆಯುವುದು ಎಂಥ ಡ್ರೈವರಿಗೂ ಆಗದ ಕೆಲಸ. ಸಂಜೆಯೆಲ್ಲಾ ಊಟ ರುಚಿಸುತ್ತಿರಲಿಲ್ಲ, ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತಿತ್ತು. ಅಳಿಯನ ಮೇಲೆ ರೇಗುತ್ತಿದ್ದೆ. ಅವನು ಪಾಪ, ಸೌದೆ ಒಟ್ಟಿಕೊಂಡು ಸುಮ್ಮನಿರುತ್ತಿದ್ದ.

ಬಿಚ್ಚಿಟ್ಟು ಮಲಗಿದರೆ ಅದಕ್ಕೂ ಫೋನು: "ವಾಚು ಯಾಕ್ ಬಿಚ್ಚಿದೀಯ?" ನಾನು ರೇಗುವಂತಿರಲಿಲ್ಲ. ಅವಳಿಗೆ ಅವಳ ಕಾರಣವಿತ್ತು. ಸುನಂದಮ್ಮ ಮಧ್ಯಾಹ್ನ ಚಾಪೆ ಹಾಸಿಕೊಂಡು ಮಲಗಿದವಳು ಏಳಲೇ ಇಲ್ಲ. ಎದೆ ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ರೂಪ ಆಗ ಎರಡು ಬೀದಿ ಆಚೆ, ಯಾರದೋ ತಾಯಿಗೆ ಡ್ರಿಪ್ ಹಾಕುತ್ತಿದ್ದಳು. ಆ ಮಧ್ಯಾಹ್ನ ಅಮ್ಮನ ಕೈಯಲ್ಲಿ ಇಂಥದೊಂದು ವಾಚಿದ್ದಿದ್ದರೆ ಎಂಬುದು ಅವಳ ತಲೆಯಿಂದ ಹೋಗಿಲ್ಲ. ಅವಳು ಬಾಯಿಬಿಟ್ಟು ಹೇಳದಿದ್ದರೂ ನನಗೆ ಗೊತ್ತು. ಇನ್ನು ನಾನಾದರೂ ಏನು ಹೇಳಲಿ? ಅರವತ್ತು ದಾಟಿದ ಗಂಡಸು ಮಗಳ ಮುಂದೆ ನಿಂತು, ನಿಮ್ಮಮ್ಮ ಬಸ್ಸು ಹತ್ತುವಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ ಕಣವ್ವ ಎನ್ನುವುದಕ್ಕಾಗುತ್ತದೆಯೇ?

ಹೇಳಿದ್ದು ಹುಸೇನ್ ಸಾಬರಿಗೆ. ಅವರು ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳಿದರು, ಒಂದು ಸಲವೂ ನಗಲಿಲ್ಲ. ಆಮೇಲೆ ವಾಚಿನ ಕಡೆ ನೋಡಿದರು.

"ಅದನ್ನ ನನ್ನ ಕೈಗೆ ಕಟ್ಟಿ ಸ್ವಾಮಣ್ಣ," ಎಂದರು. ನನ್ನ ಪೂರ್ತಿ ಹೆಸರು ನಂಜುಂಡಸ್ವಾಮಿ. "ನಿಮ್ದೂ ಎದೆನೇ, ನಂದೂ ಎದೆನೇ. ಅದ್ಕೇನ್ ಗೊತ್ತಾಯ್ತದೆ?"

"ರೂಪಂಗೆ ಗೊತ್ತಾದ್ರೆ ಸಾಬ್ರೇ?"

"ಏನ್ ಗೊತ್ತಾಯ್ತದೆ? ನಾನು ಇಲ್ಲೇ ಕೂತ್ಕಂಡು ಆಸ್ಗೆ ಗೌಸು ಒಲೀತಾ ಇರ್ತೀನಿ. ಅಪ್ಪ ಆರಾಮಾಗವ್ನೆ ಅಂತ ತೋರ್ಸುತ್ತೆ. ನೀವು ನಿಮ್ಮ ಬಸ್ಸು ನೋಡ್ಕಳಿ."

ಎಷ್ಟು ಸಲೀಸಾದ ಉಪಾಯ! ಇಬ್ಬರು ಮುದುಕರು ಸೇರಿ ಒಂದು ಮೆಷಿನ್ನಿನ ಕಣ್ಣಿಗೆ ಮಣ್ಣೆರಚುತ್ತಿದ್ದೇವೆಂದು ನಮಗೆ ಒಳಗೊಳಗೇ ಖುಷಿ. ಮೊದಮೊದಲು ಎಲ್ಲಾ ಸರಿಯಾಗಿತ್ತು. ಸಾಬರು ಹೊಲಿಯುತ್ತಾ ಕೂತಿರುತ್ತಿದ್ದರು, ವಾಚು ತೆಪ್ಪಗಿರುತ್ತಿತ್ತು. ನನಗೆ ಮಾತ್ರ ಹೊಸ ಭಯವೊಂದಕ್ಕೆ ನಿದ್ದೆ ಹತ್ತುತ್ತಿರಲಿಲ್ಲ. ಅಷ್ಟು ದಿನ ಮೆಟ್ಟಿಲ ಮೇಲೆ ನಿಲ್ಲಿಸಿದ್ದೇನಲ್ಲ, ಅವಳು ಸಿಟ್ಟು ಮಾಡಿಕೊಂಡು ಬರದೇ ಹೋದರೆ?

ಒಂದು ಮಧ್ಯಾಹ್ನ ಬಂದಳು. ಕನ್ನಡಕದ ಸುನಂದಮ್ಮ. ಮಡಿಲ ತುಂಬಾ ಅವರೆಕಾಯಿ ಕಟ್ಟಿಕೊಂಡಿದ್ದಳು. ಮೆಟ್ಟಿಲ ಮೇಲೆ ಕಾಲಿಟ್ಟಳು, ಬಸ್ಸು ವಾಲಿತು, ನಾನು ಉಸಿರು ಬಿಗಿಹಿಡಿದೆ. ಏನೂ ಗುರ್ ಎನ್ನಲಿಲ್ಲ. ಇನ್ನೊಂದು ಕಾಲನ್ನೂ ಎತ್ತಿಟ್ಟಳು. ಬಸ್ಸೊಳಗೆಲ್ಲಾ ಸೊಗಡು ಅವರೆಯ ವಾಸನೆ ತುಂಬಿತು.

"ಏನ್ರೀ, ಇಷ್ಟು ಜೋರಾಗಿ ಓಡುಸ್ತೀರಿ? ಯಾರ್ ಕಾಯ್ತಾ ಅವ್ರೆ ಅಲ್ಲಿ?"

ನಾನು ಗೇರು ಇಳಿಸಿದೆ. ರಸ್ತೆಯ ಎರಡೂ ಕಡೆ ನೀರು ಬಂತು. ಬೀಚನಹಳ್ಳಿಯ ಅಣೆಕಟ್ಟೆಯ ಹಿಂದೆ ಇರುತ್ತದಲ್ಲ, ಆಚೆ ದಡ ಕಾಣದ ನೀರು, ಅದು. ಸ್ವಲ್ಪ ಹೊತ್ತಿಗೆ ರಸ್ತೆಯೂ ನೀರೇ ಆಯಿತು. ಟೈರಿನ ಸದ್ದು ನಿಂತುಹೋಯಿತು. ಕಿಟಕಿಯ ಪಕ್ಕದಲ್ಲೇ ಬೆಳ್ಳಕ್ಕಿಗಳು, ನಮ್ಮ ಜೊತೆಗೇ, ಅವಸರವಿಲ್ಲದೆ ಹಾರುತ್ತಿದ್ದವು. ಅವಳು ಅವರೆಕಾಯಿ ಬಿಡಿಸತೊಡಗಿದಳು. ಸಿಪ್ಪೆಯನ್ನು ಕಿಟಕಿಯಿಂದಾಚೆ ಎಸೆದರೆ ಅದು ನೀರಿನ ಮೇಲೆ ತೇಲುತ್ತಾ ಹಿಂದೆ ಉಳಿಯುತ್ತಿತ್ತು.

"ಟಿಕೆಟ್ ಎಲ್ಲಿಗ್ ತಗಂಡೆ?" ಎಂದು ಕೇಳಿದೆ.

"ಡ್ರೈವರ್ ಎಂಡ್ತಿ ಯಾಕ್ ಟಿಕೆಟ್ ತಗಬೇಕು?"

"ಅಂಗಲ್ಲ ಕಣೆ. ಎಲ್ಲಿ ಇಳೀತೀಯೆ?"

ಕನ್ನಡಿಯಲ್ಲಿ ಅವಳು ಮುಖವೆತ್ತಿದಳು. ಹೇಳುವುದಕ್ಕೆ ಬಾಯಿ ತೆರೆದಳು.

"ಅಪ್ಪಾ!"

ಯಾರೋ ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದರು. ಕತ್ತಿನ ಪಕ್ಕ ಎರಡು ಬೆರಳು ಒತ್ತಿ ನಾಡಿ ಹುಡುಕುತ್ತಿದ್ದರು. ಕಣ್ಣು ಬಿಟ್ಟರೆ ಏನೂ ಕಾಣಲಿಲ್ಲ, ರೆಪ್ಪೆಯ ಮೇಲೆಲ್ಲಾ ಹತ್ತಿ. ಒರೆಸಿಕೊಂಡು ನೋಡಿದೆ. ರೂಪ, ಆಸ್ಪತ್ರೆಯ ಬಟ್ಟೆಯಲ್ಲೇ, ಒಂದು ಕೈಗೆ ರಬ್ಬರ್ ಗ್ಲೌಸು, ಕಾಲಿನಲ್ಲಿ ಚಪ್ಪಲಿ ಇಲ್ಲ. ನಾನು ಕಣ್ಣು ಬಿಟ್ಟದ್ದನ್ನು ನೋಡಿ ಅವಳು ಹತ್ತಿಯ ರಾಶಿಯ ಮೇಲೆ ಕುಸಿದು ಕೂತಳು.

ಆದದ್ದಿಷ್ಟು. ಸಾಬರ ಹೆಂಡತಿ ಗುಲ್ಜಾರ್ ಬೀ ಬಂದು, ಮದುವೆ ಮನೆಯವರ ಹಾಸಿಗೆ ಸಂಜೆಗೇ ಬೇಕಂತೆ, ಇನ್ನೂ ಗೌಸು ಹಿಡಿದುಕೊಂಡು ಕೂತಿದ್ದೀರಲ್ಲ ಎಂದು ಗದರಿದ್ದಾರೆ. ಸಾಬರು ಕೈಯಲ್ಲಿ ವಾಚಿರುವುದನ್ನೇ ಮರೆತು, ಎರಡೂ ಕೈಗೆ ಕೋಲು ತೆಗೆದುಕೊಂಡು ಹತ್ತಿ ಬಡಿಯಲು ಶುರುಮಾಡಿದ್ದಾರೆ. ಅವರ ಹತ್ತಿ ಬಡಿತ ನೋಡಿದವರಿಗೆ ಗೊತ್ತು, ಮೈಮೇಲೆ ಬಂದವರ ಹಾಗೆ ಬಡಿಯುತ್ತಾರೆ. ಆಸ್ಪತ್ರೆಯಲ್ಲಿದ್ದ ರೂಪಳ ಫೋನಿಗೆ ಸುದ್ದಿ ಹೋಯಿತು. ಊಟ ಮಾಡಿ ಮಲಗಿರಬೇಕಾದ ಅಪ್ಪ ಎಲ್ಲಿಗೋ ಓಡುತ್ತಿದ್ದಾನೆ, ಎದೆ ಕಿತ್ತುಹೋಗುವ ಹಾಗೆ ಬಡಿದುಕೊಳ್ಳುತ್ತಿದೆ. ಫೋನು ಮಾಡಿದರೆ ನಾನು ಎತ್ತಲಿಲ್ಲ. ನಾನು ನೀರಿನ ಮೇಲಿದ್ದೆ.

ಓಡಿಬಂದವಳಿಗೆ ಕಂಡದ್ದು, ಹಾಸಿಗೆಯ ಮೇಲೆ ಅಂಗಾತ ಮಲಗಿದ ಅಪ್ಪ, ಮುಖದ ತುಂಬಾ ಬಿಳಿ ಹತ್ತಿ. ಆ ಹುಡುಗಿಗೆ ಏನಾಗಿರಬೇಕು!

ಅಷ್ಟರಲ್ಲಿ ಅವಳ ಕಣ್ಣು ಸಾಬರ ಕೈಯ ಮೇಲೆ ಬಿತ್ತು. ವಾಚು ಅಲ್ಲಿತ್ತು, ಮಿಣಿಮಿಣಿ ಎನ್ನುತ್ತಿತ್ತು. ಸಾಬರು ಕೋಲು ಹಿಡಿದ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿದರು.

"ಬೇಟಿ, ತಪ್ಪು ನಂದೇ..."

"ನೀವ್ ಸುಮ್ಕಿರಿ ಸಾಬ್ರೇ." ರೂಪ ನನ್ನ ಕಡೆ ತಿರುಗಿದಳು. "ಅಪ್ಪ, ಆಟ ಆಡ್ತಿದೀಯಾ ನೀನು? ದಾರಿ ಉದ್ದಕ್ಕೂ ನಾನು ಏನ್ ಅನ್ಕಂಡ್ ಬಂದೆ ಗೊತ್ತಾ? ಈ ಸಲನೂ ತಡವಾಯ್ತು ಅನ್ಕಂಡೆ. ಅಮ್ಮಂಗಾದಂಗೇ ಆಯ್ತು ಅನ್ಕಂಡೆ."

ಅವಳು ಸಾಬರ ಕೈಯಿಂದ ವಾಚನ್ನು ಬಿಚ್ಚಿ ನನ್ನ ಕೈಗೆ ಕಟ್ಟಿ, ನೋಯುವಷ್ಟು ಬಿಗಿ ಮಾಡಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇ.ಸಿ.ಜಿ. ತೆಗೆಸಿದಳು. ಡಾಕ್ಟರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಿಮ್ಮಪ್ಪನಿಗಿಂತ ನಿನಗೇ ಬಿ.ಪಿ. ಜಾಸ್ತಿ ಇರಬೇಕು ಕಣಮ್ಮ ಎಂದು ನಕ್ಕರು. ಅವಳು ನಗಲಿಲ್ಲ.

ಡ್ಯೂಟಿ ಮುಗಿದ ಮೇಲೆ ನನ್ನನ್ನು ಆಸ್ಪತ್ರೆಯ ಹೊಂಗೆಮರದ ಕೆಳಗಿನ ಕಟ್ಟೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಸಿಟ್ಟು ಇಳಿದು ಬರೀ ಸುಸ್ತು ಉಳಿದಿತ್ತು.

"ಯಾಕಪ್ಪಾ ಇಂಗ್ ಮಾಡ್ದೆ? ನನ್ನ ಕಂಡ್ರೆ ಅಷ್ಟು ಬೇಜಾರಾ?"

ಇನ್ನು ಮುಚ್ಚಿಡುವುದು ಪಾಪವೆನಿಸಿತು. ಹೊಂಗೆಯ ಹೂವು ಉದುರಿ ಬಿದ್ದಿದ್ದ ನೆಲವನ್ನೇ ನೋಡುತ್ತಾ ಹೇಳಿದೆ. ಬಸ್ಸು, ಭೇರ್ಯ, ಮೆಟ್ಟಿಲು, ಅವಳ ಕನ್ನಡಕ, ಎರಡು ಜಡೆ, ಅವರೆಕಾಯಿ, ಎಲ್ಲಾ. ಅವಳು ಕಾಲಿಟ್ಟಾಗ ಎದೆ ಹೊಡೆದುಕೊಳ್ಳುತ್ತದೆ ಎಂದೆ, ಆಗ ಇದು ಗುರ್ ಎನ್ನುತ್ತದೆ ಎಂದೆ. ನಾಚಿಕೆಗೆ ನನ್ನ ಕಿವಿ ಬಿಸಿಯಾಗಿತ್ತು.

ರೂಪ ಫೋನು ತೆಗೆದು ಅದರಲ್ಲಿ ಏನನ್ನೋ ತೆರೆದು ನನ್ನ ಮುಂದೆ ಹಿಡಿದಳು. ಕೆಂಪು ಗೆರೆ. ನೆಲದ ಮೇಲೆ ಚಪ್ಪಟೆಯಾಗಿ ಬಂದು, ಇದ್ದಕ್ಕಿದ್ದಂತೆ ಒಂದು ಗುಡ್ಡ ಹತ್ತಿ, ಮತ್ತೆ ಇಳಿದಿತ್ತು.

"ಇದು ಓದ ತಿಂಗ್ಳ ಸೋಮವಾರದ್ದು," ಎಂದಳು. ಬೆರಳಿನಿಂದ ಸರಿಸಿದಳು. ಇನ್ನೊಂದು ಗುಡ್ಡ. "ಇದು ಅದ್ರ ಹಿಂದಿನ ದಿನದ್ದು." ಇನ್ನೊಂದು. ಮತ್ತೊಂದು. ದಿನಾಲೂ ಮಧ್ಯಾಹ್ನ, ಊಟವಾದ ಮೇಲೆ, ಒಂದು ಗುಡ್ಡ. "ಇದನ್ನ ನೋಡಿ ನೋಡಿ ನಂಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಡಾಕ್ಟ್ರು ಏನಿಲ್ಲ ಅಂತಾರೆ, ಇದು ನೋಡುದ್ರೆ ಇಂಗೈತೆ." ಅವಳ ಬೆರಳು ಆ ಗೆರೆಯ ತುದಿಯ ಮೇಲೆ ನಿಂತಿತು. "ಇದೆಲ್ಲಾ ಅಮ್ಮನಾ ಅಪ್ಪ?"

"ಊಂ ಕಣವ್ವ."

ಅವಳು ಮತ್ತೆ ಮೊದಲಿನಿಂದ ಒಂದೊಂದಾಗಿ ಸರಿಸುತ್ತಾ ಹೋದಳು. ಈಗ ಹೆದರಿಕೆಯಿಂದ ನೋಡುತ್ತಿರಲಿಲ್ಲ. ಮದುವೆಯ ಆಲ್ಬಮ್ಮು ನೋಡುವ ಹಾಗೆ ನೋಡುತ್ತಿದ್ದಳು. ಒಂದು ಕಡೆ ನಿಲ್ಲಿಸಿ, "ಈ ದಿನದ್ದು ಜಡೆದೋ ಕನ್ನಡಕದ್ದೋ?" ಎಂದು ಕೇಳಿದಳು. ನನಗೆ ನೆನಪಿರಲಿಲ್ಲ. ಆದರೂ ಜಡೆಯದು ಎಂದೆ.

"ನನ್ನ ಕನಸಿಗೆ ಬರೋದೇ ಇಲ್ಲ ಅಪ್ಪ," ಎಂದಳು. "ಮೂರು ವರ್ಷ ಆಯ್ತು. ಒಂದು ಸಲನೂ ಬಂದಿಲ್ಲ. ಅವತ್ತು ನಾನು ಡ್ಯೂಟಿಲಿದ್ದೆ, ಬರ್ಲಿಲ್ಲ ಅಂತ ಸಿಟ್ಟಿರಬೇಕು."

ಸುನಂದಮ್ಮನಿಗೆ ಮಗಳ ಮೇಲೆ ಸಿಟ್ಟೇ? ನಾನು ರೂಪಳ ತಲೆಯನ್ನು ಎಳೆದು ನನ್ನ ಭುಜಕ್ಕೆ ಒತ್ತಿಕೊಂಡೆ. ಚಿಕ್ಕವಳಿದ್ದಾಗ ಬಸ್ಸಿನ ಬಾನೆಟ್ಟಿನ ಮೇಲೆ ಕೂರಿಸಿಕೊಂಡು ಹೋದದ್ದು ಬಿಟ್ಟರೆ ನಾನು ಮಗಳನ್ನು ಹಾಗೆ ಮುದ್ದು ಮಾಡಿದವನಲ್ಲ. ಆಸ್ಪತ್ರೆಗೆ ಬಂದವರೆಲ್ಲಾ ನಮ್ಮನ್ನು ನೋಡಿ, ಪಾಪ, ಮನೆಯಲ್ಲಿ ಯಾರೋ ಹೋಗಿರಬೇಕು ಎಂದುಕೊಂಡು ದಾಟಿ ಹೋದರು.

ಕತ್ತಲಾಗುವ ಮೊದಲು ಅವಳು ಎದ್ದು, ನನ್ನ ಕೈ ಹಿಡಿದು, ವಾಚಿನ ಪಟ್ಟಿ ಬಿಚ್ಚಲು ಹೋದಳು. ಅರ್ಧ ಬಿಚ್ಚಿ ನಿಲ್ಲಿಸಿದಳು.

"ಇದಿಲ್ದೆ ನಂಗೆ ಎಂಗಪ್ಪಾ ಗೊತ್ತಾಗೋದು?"

"ಗೊತ್ತಾಗ್ದೇ ಇರಬೌದು ಕಣವ್ವ," ಎಂದೆ. ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. "ಅಂಗಂತ ನಿಮ್ಮಮ್ಮನ್ನ ದಿನಾ ಬಾಗ್ಲಲ್ಲಿ ನಿಲ್ಸಿ ಬರೋಕೆ ನನ್ ಕೈಲಿ ಆಗಲ್ಲ."

ಅವಳು ಪೂರ್ತಿ ಬಿಚ್ಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಆದರೆ ನರ್ಸು ನರ್ಸೇ, ಕರಾರು ಹಾಕದೆ ಬಿಡುತ್ತಾಳೆಯೇ? ಬರಿಗೈಯಲ್ಲಿ ಇರುವಂತಿಲ್ಲ, ಒಂದು ವಾಚು ಕಟ್ಟಲೇಬೇಕು, ಮಧ್ಯಾಹ್ನ ಎದ್ದ ತಕ್ಷಣ ಹೊತ್ತು ನೋಡಿ ತನಗೆ ಫೋನು ಮಾಡಬೇಕು ಎಂದಳು.

"ಸಾಬ್ರ ಕೈಲಿ ಮಾಡ್ಸಂಗಿಲ್ಲ. ನೀನೇ ಮಾಡ್ಬೇಕು. ಅಮ್ಮ ಎಂಗಿದ್ಲು ಅಂತ ಹೇಳ್ಬೇಕು."

ಬಸ್‌ಸ್ಟ್ಯಾಂಡಿನ ಎದುರಿಗೆ ಮುಸವೀರನ ಅಂಗಡಿ. ಫೋನಿನ ಕವರು, ಟಾರ್ಚು, ವಾಚು ಎಲ್ಲಾ ಮಾರುತ್ತಾನೆ. ನಮ್ಮನ್ನು ನೋಡಿದವನೇ ಗಾಜಿನ ಪೆಟ್ಟಿಗೆಯಿಂದ ಕರಿ ಚೌಕದ ಸ್ಮಾರ್ಟ್‌ವಾಚುಗಳನ್ನು ತೆಗೆದು ಸಾಲಾಗಿ ಜೋಡಿಸಿದ. ಇದರಲ್ಲಿ ಹಾಡು ಬರುತ್ತದೆ, ಇದರಲ್ಲಿ ಫೋನಿನಲ್ಲಿ ಮಾತಾಡಬಹುದು, ಇದು ನೀರಿಗೆ ಬಿದ್ದರೂ ಸಾಯುವುದಿಲ್ಲ ಎಂದ. ನಾನು ಮೇಲಿನ ಮೊಳೆಗೆ ತೂಗುಹಾಕಿದ್ದ ಒಂದರ ಕಡೆ ಕೈ ತೋರಿಸಿದೆ. ಬಿಳಿ ಮುಖ, ದಪ್ಪ ಅಂಕಿ, ಕರಿ ಪಟ್ಟಿ. ಎರಡು ದಿನದ ಎಲೆ-ಅಡಿಕೆಯ ಕಾಸಿಗೆ ಇನ್ನಷ್ಟು ಸೇರಿಸಿದರೆ ಬರುವಂಥದ್ದು.

"ಅದು ಏನ್ ಮಾಡುತ್ತಪ್ಪ?"

ಮುಸವೀರ್ ತಬ್ಬಿಬ್ಬಾದ. "ಅದಾ ಅಂಕಲ್? ಟೈಮ್ ತೋರ್ಸುತ್ತೆ."

"ಇನ್ನೇನ್ ಮಾಡುತ್ತೆ?"

"ಇನ್ನೇನೂ ಇಲ್ಲ ಅಂಕಲ್. ಟೈಮ್ ಅಷ್ಟೇ."

"ನಾನು ಮಲ್ಗಿದ್ರೆ?"

"ನೀವು ಮಲ್ಗಿದ್ರೆ ಅದರ ಪಾಡಿಗೆ ಅದು ಓಡ್ತಾ ಇರುತ್ತೆ."

"ಕೊಡು ಇತ್ಲಾಗೆ," ಎಂದೆ. ಆ ದಿನದಲ್ಲಿ ರೂಪ ನಕ್ಕದ್ದು ಅದೇ ಮೊದಲು. ವಾಚಿನ ಮುಖವನ್ನು ಮಣಿಕಟ್ಟಿನ ಒಳಗಡೆಗೆ ಬರುವಂತೆ ಕಟ್ಟಿಕೊಂಡೆ. ಸ್ಟೀರಿಂಗ್ ಹಿಡಿದವರೆಲ್ಲಾ ಹಾಗೇ ಕಟ್ಟುವುದು.

ಮಾರನೆಯ ಮಧ್ಯಾಹ್ನ ಸಾಬರು ತಮ್ಮ ಕೈಯಾರೆ ಹಾಸಿಗೆ ಕೆಡವಿ, ಹೊಸ ಗೌಸು ಹಾಕಿಕೊಟ್ಟರು. ಆ ದಿನ ಕೋಲನ್ನೂ ಮುಟ್ಟಲಿಲ್ಲ. ಸುನಂದಮ್ಮ ಮೆಟ್ಟಿಲ ಮೇಲೆ ಕಾಲಿಟ್ಟಳು. ಎದೆ ತನ್ನಿಷ್ಟ ಬಂದಷ್ಟು ಹೊಡೆದುಕೊಂಡಿತು, ಯಾರೂ ಏನೂ ಅನ್ನಲಿಲ್ಲ. ಅವಳು ಹಿಂದಿನ ಸೀಟಿನಲ್ಲಿ ಕೂತು, ಎರಡು ಮಾತಾಡಿ, ಕಿಟಕಿಯ ಕಂಬಿಗೆ ತಲೆಯಾನಿಸಿ ನಿದ್ದೆಹೋದಳು. ಎಲ್ಲಿ ಇಳಿಯುತ್ತೀ ಎಂದು ಮತ್ತೆ ಕೇಳುವುದಕ್ಕೆ ಮನಸ್ಸಾಗಲಿಲ್ಲ. ಗುಂಡಿ ತಪ್ಪಿಸಿಕೊಂಡು, ಬ್ರೇಕು ಒತ್ತದೆ, ಹಗುರವಾಗಿ ಓಡಿಸಿದೆ. ಎದ್ದ ಮೇಲೆ ಹೊತ್ತು ನೋಡಿ ರೂಪಳಿಗೆ ಫೋನು ಮಾಡಿದೆ. ನಿದ್ದೆ ಮಾಡಿದಳು ಕಣವ್ವ, ಬಹಳ ದಣಿದಿದ್ದಳು ಎಂದೆ. "ಸರಿ ಅಪ್ಪ, ಟೀ ಕುಡಿ," ಎಂದಳು.

ದುಬಾರಿ ವಾಚನ್ನು ಅಂಗಡಿಯವರಿಗೆ ವಾಪಸ್ ಕೊಟ್ಟಿರಬೇಕೆಂದು ನಾನು ಅಂದುಕೊಂಡಿದ್ದೆ. ಒಂದು ದಿನ ನೋಡಿದರೆ ರೂಪಳೇ ಕಟ್ಟಿಕೊಂಡಿದ್ದಾಳೆ. ಡ್ಯೂಟಿಯಲ್ಲಿ ಇರುವುದಿಲ್ಲ, ಹಗಲು ಹೊತ್ತು ಇರುವುದಿಲ್ಲ, ಮಲಗಲು ಹೋಗುವಾಗ ಮಾತ್ರ ಕಟ್ಟಿಕೊಳ್ಳುತ್ತಾಳೆ. ಯಾಕವ್ವ ಎಂದು ಕೇಳಿದೆ.

"ನಂಗೆ ಕನಸು ಬಿದ್ರೂ ಎದ್ದ ಮೇಲೆ ನೆನಪಿರಲ್ಲ ಅಪ್ಪ," ಎಂದಳು, ಬೇರೆ ಕಡೆ ನೋಡುತ್ತಾ. "ಬಂದು ಓಗಿದ್ರೂ ಓಗಿರಬೌದು ಅಲ್ವಾ? ಇದ್ರಲ್ಲಿ ಗೊತ್ತಾಯ್ತದೆ."

ಆ ವಾಚನ್ನು ನಾನು ಎಷ್ಟು ಬೈದಿದ್ದೆ! ಅವತ್ತಿನಿಂದ ಬೈಯುವುದನ್ನು ಬಿಟ್ಟೆ. ದಿನಾ ಬೆಳಿಗ್ಗೆ ಅವಳು ಹಿತ್ತಲಿನ ಕಲ್ಲಿನ ಮೇಲೆ ಕೂತು ಫೋನು ನೋಡುವುದು, ಗುಡ್ಡ ಕಾಣದಿದ್ದರೆ ಎದ್ದು ಒಳಗೆ ಹೋಗುವುದು. ಅಂಥ ದಿನ ಅವಳು ಕಾಫಿಗೆ ಸಕ್ಕರೆ ಹಾಕುವುದನ್ನು ಮರೆಯುತ್ತಿದ್ದಳು. ನಾನು ಸಪ್ಪೆ ಕಾಫಿಯನ್ನೇ ಕುಡಿದು, ಚೆನ್ನಾಗಿದೆ ಎನ್ನುತ್ತಿದ್ದೆ. ಮಧ್ಯಾಹ್ನ ಬಸ್ಸಿನಲ್ಲಿ ಒಂದು ಸಲ ಕನ್ನಡಿ ನೋಡಿಕೊಂಡು, ಆ ಹುಡುಗಿಯ ಕಡೆಗೂ ಒಂದು ದಿನ ಹೋಗಿ ಬಾ ಸುನಂದ ಎಂದು ಕೇಳಿಕೊಂಡೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು, ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಹೋದ ವಾರ ಬೆಳಗಿನ ಜಾವ, ಇನ್ನೂ ಮಂಜು ಇತ್ತು, ರೂಪ ನನ್ನ ಕೋಣೆಗೆ ಓಡಿಬಂದು ಎಬ್ಬಿಸಿದಳು. ತಲೆ ಕೆದರಿತ್ತು, ಕೈಯಲ್ಲಿ ಫೋನು.

"ಅಪ್ಪ, ನೋಡಪ್ಪಾ ಇಲ್ಲಿ."

ದಿಂಬಿನ ಪಕ್ಕದ ಕನ್ನಡಕ ಹುಡುಕಿ ಹಾಕಿಕೊಂಡೆ. ಕೆಂಪು ಗೆರೆ ರಾತ್ರಿಯುದ್ದಕ್ಕೂ ಚಪ್ಪಟೆಯಾಗಿ ಬಂದು, ಬೆಳಗಾಗುವ ಹೊತ್ತಿಗೆ ಒಂದೇ ಸಲ ಮೇಲೇರಿತ್ತು. ಅಲ್ಲಿಗೆ ಮುಗಿದಿತ್ತು, ಅವಳಿಗೆ ಎಚ್ಚರವಾಗಿತ್ತು. ಸೊಳ್ಳೆ ಕಚ್ಚಿದರೂ ಹಾಗಾಗಬಹುದು, ಬ್ಯಾರನ್ನಿನ ಹೊಗೆಗೆ ಕೆಮ್ಮು ಬಂದರೂ ಆಗಬಹುದು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

"ನಂಗೇನೂ ನೆನಪಿಲ್ಲ," ಎಂದಳು. "ಒಂಚೂರೂ ನೆನಪಿಲ್ಲ. ನಿಂಗೆ ಗೊತ್ತಾಯ್ತದಲ್ಲ ಅಪ್ಪ, ನೋಡಿ ಹೇಳು."

ನಾನು ಫೋನನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದೆ. ಗೆರೆ ಏರಲು ಶುರುವಾದ ಜಾಗದಲ್ಲಿ ಬೆರಳಿಟ್ಟೆ.

"ಇಲ್ಲಿ ಬಸ್ಸತ್ತವ್ಳೆ ನೋಡು ನಿಮ್ಮಮ್ಮ," ಎಂದೆ.

ರೂಪ ಮಂಚದ ಅಂಚಿನಲ್ಲಿ ಕೂತು, ನನ್ನ ಬೆರಳಿನ ಪಕ್ಕಕ್ಕೇ ಮುಖ ತಂದು ನೋಡಿದಳು.

"ಇಳ್ದಿದ್ದು ಎಲ್ಲಪ್ಪಾ?"

ಗೆರೆ ಇಳಿದಿರಲಿಲ್ಲ. ಮೇಲೇರಿದ್ದು ಅಲ್ಲೇ ನಿಂತಿತ್ತು.

"ಇಳ್ದಿಲ್ಲ ಕಣವ್ವ," ಎಂದೆ. "ಇನ್ನೂ ಕೂತವ್ಳೆ."